ವಿಹಾರ ನೌಕೆ ಏರುವ ಮುನ್ನ: ಬಂದರಿಗೆ ಹೋಗುವ, ಬಂದರಿನಿಂದ ಮರಳುವ ದಾರಿ

ವಿಮಾನ ತಪ್ಪಿದರೆ ಮುಂದಿನ ವಿಮಾನವುಂಟು. ರೈಲು ತಪ್ಪಿದರೆ ಮರುದಿನದ ರೈಲುಂಟು. ವಿಹಾರ ನೌಕೆಯ ವಿಷಯ ಹಾಗಲ್ಲ. ಗೊತ್ತಾದ ವೇಳೆಗೆ ಧಕ್ಕೆಯನ್ನು ತಲುಪದ ಪ್ರಯಾಣಿಕನನ್ನು 'ಬಾರದವನು' ಎಂದು ದಾಖಲಿಸಿ ಹಡಗು ಹೊರಟುಬಿಡುತ್ತದೆ. ಅಂಥವರಿಗೆ ಹಣ ಮರಳಿಸುವುದಿಲ್ಲವೆಂಬ ಷರತ್ತು ಬಹುತೇಕ ಎಲ್ಲ ಕ್ರೂಸ್ ಸಂಸ್ಥೆಗಳ ಟಿಕೆಟ್ ನಿಯಮಾವಳಿಯಲ್ಲಿ ಇದ್ದೇ ಇರುತ್ತದೆ. ನಾಲ್ಕು ಮಂದಿಯ ಕುಟುಂಬವೊಂದು ವರ್ಷವಿಡೀ ಕೂಡಿಟ್ಟ ಹಣ ಹೀಗೆ ಒಂದೇ ಮಧ್ಯಾಹ್ನದಲ್ಲಿ ಕೈಬಿಟ್ಟು ಹೋಗಬಲ್ಲದು. ಆದರೂ ಹಡಗಿನ ಕೋಣೆ, ಊಟ, ಮನರಂಜನೆಗಳ ಬಗ್ಗೆ ವಾರಗಟ್ಟಲೆ ವಿಚಾರಿಸುವ ನಮ್ಮ ಪ್ರವಾಸಿಗರು, ಬಂದರು ತಲುಪುವ ಬಗೆಯನ್ನು ಕೊನೆಯ ದಿನದವರೆಗೂ ಯೋಚಿಸುವುದಿಲ್ಲ.

ಕರ್ನಾಟಕದವರಿಗೆ ಈ ಎಚ್ಚರಿಕೆ ಹೆಚ್ಚು ಅಗತ್ಯ. 300 ಕಿ.ಮೀ. ಕರಾವಳಿಯಿದ್ದರೂ ನಮ್ಮ ರಾಜ್ಯದ ಬಂದರಿನಿಂದ ನಿಯಮಿತವಾಗಿ ಹೊರಡುವ ವಿಹಾರ ನೌಕೆಯಿಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುವುದುಂಟು. ಆದರೆ ಅವು ಕೆಲವು ಗಂಟೆ ತಂಗಿ, ಪ್ರಯಾಣಿಕರಿಗೆ ಕದ್ರಿ, ಮೂಡುಬಿದಿರೆ, ಕಾರ್ಕಳಗಳನ್ನು ತೋರಿಸಿ ಮುಂದೆ ಸಾಗುವಂಥವು. ಹೀಗಾಗಿ ಬೆಂಗಳೂರಿನವರಾಗಲಿ, ಮಂಗಳೂರಿನವರಾಗಲಿ, ಕಲಬುರಗಿಯವರಾಗಲಿ ಹಡಗೇರಲು ಪರಸ್ಥಳಕ್ಕೇ ಹೋಗಬೇಕು. ಮುಂಬೈ ಅವುಗಳಲ್ಲಿ ಮುಖ್ಯವಾದುದು. ಗೋವಾ, ಕೊಚ್ಚಿ, ಚೆನ್ನೈ, ಹೊರದೇಶವಾದರೆ ಸಿಂಗಪುರ ನಂತರದ ಸ್ಥಾನದಲ್ಲಿವೆ.

ಯಾವ ಗಂಟೆ ಮುಖ್ಯ?

ಟಿಕೆಟ್‌ನಲ್ಲಿ ಎರಡು ವೇಳೆಗಳು ನಮೂದಾಗಿರುತ್ತವೆ. ಹಡಗು ಹೊರಡುವ ವೇಳೆ ಒಂದು, ತಪಾಸಣೆಯ ಕೌಂಟರ್ ಮುಚ್ಚುವ ವೇಳೆ ಇನ್ನೊಂದು. ಪ್ರಯಾಣಿಕರು ಲಕ್ಷ್ಯದಲ್ಲಿಡಬೇಕಾದದ್ದು ಎರಡನೆಯದನ್ನು. ಹಡಗು ಸಂಜೆ 5ಕ್ಕೆ ಹೊರಡುವುದಾದರೆ ಕೌಂಟರ್ ಸಾಮಾನ್ಯವಾಗಿ ಅದಕ್ಕೆ ಒಂದರಿಂದ ಎರಡು ಗಂಟೆ ಮೊದಲೇ ಮುಚ್ಚಿರುತ್ತದೆ. ಇದು ಸಿಬ್ಬಂದಿಯ ಅನುಕೂಲಕ್ಕಾಗಿ ಮಾಡಿದ ನಿಯಮವಲ್ಲ. ಹಡಗಿನಲ್ಲಿರುವ ಪ್ರತಿಯೊಬ್ಬರ ಹೆಸರಿನ ಪಟ್ಟಿಯನ್ನು ಹೊರಡುವ ಮೊದಲು ಅಂತಿಮಗೊಳಿಸಿ ಅಧಿಕಾರಿಗಳಿಗೆ ಒಪ್ಪಿಸಬೇಕು. ಅಪಾಯ ಸಂಭವಿಸಿದರೆ ಎಲ್ಲಿ ಸೇರಬೇಕು, ಜೀವರಕ್ಷಕ ಅಂಗಿಯನ್ನು ಹೇಗೆ ತೊಡಬೇಕು ಎಂಬ ಕಡ್ಡಾಯ ತಾಲೀಮನ್ನೂ ನಡೆಸಬೇಕು. ಧಕ್ಕೆಯನ್ನು ಬಳಸುವ ಅವಧಿ, ಬಂದರಿನ ಪೈಲಟ್ ಬರುವ ವೇಳೆ ಮೊದಲೇ ನಿಗದಿಯಾಗಿರುವುದರಿಂದ ಸಾವಿರಾರು ಮಂದಿ ಹತ್ತಿರುವ ಹಡಗು ನಾಲ್ವರಿಗಾಗಿ ಕಾಯುವುದು ಅಸಾಧ್ಯ.

ಆದುದರಿಂದ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು. ಕೌಂಟರ್ ಮಧ್ಯಾಹ್ನ 3ಕ್ಕೆ ಮುಚ್ಚುವುದಾದರೆ ಬಂದರಿನ ಗೇಟಿನಲ್ಲಿ 1 ಗಂಟೆಗೆ ಇರತಕ್ಕದ್ದು. ವಿಮಾನ ನಿಲ್ದಾಣದಿಂದ ಗೇಟಿಗೆ ಎರಡು ಗಂಟೆ, ವಿಮಾನದಿಂದ ಇಳಿದು ಸಾಮಾನು ಪಡೆಯಲು ಮುಕ್ಕಾಲು ಗಂಟೆ ಎಂದಿಟ್ಟುಕೊಂಡರೆ ವಿಮಾನ ಬೆಳಗ್ಗೆ 10ರ ಸುಮಾರಿಗೆ ಮುಂಬೈಯಲ್ಲಿ ಇಳಿದಿರಬೇಕು. ಅಂದರೆ ಬೆಂಗಳೂರು ಬಿಡುವುದು 8ಕ್ಕೆ. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ 6ಕ್ಕೆ. ಜಯನಗರದ ಮನೆಯಿಂದ ಹೊರಡುವುದು ನಸುಕಿನ 4.30ಕ್ಕೆ! ಇಷ್ಟೆಲ್ಲ ಮಾಡಿಯೂ ವಿಮಾನ ಮೂರು ಗಂಟೆ ತಡವಾದರೆ ಕಥೆ ಮುಗಿಯಿತು.

ಹಾಗಾಗಿಯೇ ಹಿಂದಿನ ದಿನವೇ ಬಂದರಿನ ಊರನ್ನು ಸೇರಿಕೊಳ್ಳಿ ಎಂಬುದು ಅನುಭವಿ ಪ್ರವಾಸಿಗರೆಲ್ಲರ ಸಲಹೆ. ಒಂದು ರಾತ್ರಿಯ ವಸತಿ ವೆಚ್ಚ ದುಬಾರಿ ಎನಿಸುವವರು 2025ರ ಡಿಸೆಂಬರ್ ಮೊದಲ ವಾರವನ್ನು ನೆನೆಯಬಹುದು. ವಿಮಾನ ಸಿಬ್ಬಂದಿಯ ಕರ್ತವ್ಯ ಅವಧಿಯ ಹೊಸ ನಿಯಮಗಳಿಗೆ ಹೊಂದಿಕೊಳ್ಳಲಾಗದೆ ಇಂಡಿಗೋ ಸಂಸ್ಥೆ ಡಿಸೆಂಬರ್ 5ರ ಒಂದೇ ದಿನ ದೇಶಾದ್ಯಂತ ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ರದ್ದುಪಡಿಸಿತು. ಬೆಂಗಳೂರು ಅತಿ ಹೆಚ್ಚು ತೊಂದರೆಗೊಳಗಾದ ನಿಲ್ದಾಣಗಳಲ್ಲೊಂದು. ವಿಮಾನ ರದ್ದಾದರೆ ಟಿಕೆಟ್ ಹಣ ಮರಳುತ್ತದೆ, ಅಥವಾ ಬೇರೆ ವಿಮಾನ ಸಿಗುತ್ತದೆ. ಅದರಿಂದ ತಪ್ಪಿಹೋದ ಹಡಗಿನ ಹಣಕ್ಕೆ ವಿಮಾನ ಸಂಸ್ಥೆ ಹೊಣೆಯಲ್ಲ. ವಿಮಾನದ ಟಿಕೆಟ್ ಒಂದು ಒಪ್ಪಂದ, ಹಡಗಿನದು ಬೇರೊಂದು ಒಪ್ಪಂದ. ಎರಡನ್ನೂ ಒಟ್ಟಿಗೆ ಮಾರುವ ಪ್ಯಾಕೇಜ್ ಕೊಂಡವರು, ವಿಮಾನ ತಡವಾದರೆ ಯಾರು ಹೊಣೆ ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಕೇಳಿ ಪಡೆಯುವುದು ಒಳಿತು. ಪ್ರವಾಸ ವಿಮೆ ಮಾಡಿಸುವವರೂ ಅಷ್ಟೆ. 'ಸಂಪರ್ಕ ತಪ್ಪುವಿಕೆ' ಎಂಬ ಬಾಬತ್ತು ಪಾಲಿಸಿಯಲ್ಲಿ ಇದೆಯೇ, ಇದ್ದರೆ ವಿಮಾನ ಎಷ್ಟು ಗಂಟೆ ತಡವಾದಾಗ ಅನ್ವಯಿಸುತ್ತದೆ ಎಂದು ನೋಡಿಕೊಳ್ಳಬೇಕು.

ಮುಂಬೈ: ಬಂದರು ಎಂದರೆ ಯಾವ ಬಂದರು?

ಮುಂಬೈಯ ಟ್ಯಾಕ್ಸಿ ಚಾಲಕನಿಗೆ 'ಬಂದರಿಗೆ ಬಿಡಿ' ಎಂದಷ್ಟೇ ಹೇಳಿದರೆ ಆತ ನಾಲ್ಕು ಕಡೆ ಕರೆದೊಯ್ಯಬಹುದು. ಎಲಿಫೆಂಟಾ, ಅಲಿಬಾಗ್ ಕಡೆಯ ದೋಣಿಗಳು ಹೊರಡುವುದು ಗೇಟ್‌ವೇ ಆಫ್ ಇಂಡಿಯಾದಿಂದ. ವಾಹನಗಳನ್ನೂ ಹೊತ್ತು ಮಾಂಡ್ವಾಕ್ಕೆ ಹೋಗುವ ರೋ-ರೋ ಹಡಗು ಹೊರಡುವುದು ಮಜಗಾಂವ್‌ನ ಭಾವೂಚಾ ಧಕ್ಕೆಯಿಂದ. ಸರಕು ಹಡಗುಗಳ ಜವಾಹರಲಾಲ್ ನೆಹರೂ ಬಂದರು ಕೊಲ್ಲಿಯ ಆಚೆ ದಡದ ನ್ಹಾವಾ ಶೇವಾದಲ್ಲಿದೆ. ವಿಹಾರ ನೌಕೆಗಳ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಇರುವುದು ಕೋಟೆ ಪ್ರದೇಶದ ಪಕ್ಕದ ಬಲ್ಲಾರ್ಡ್ ಎಸ್ಟೇಟ್‌ಗೆ ಅಂಟಿಕೊಂಡ ಇಂದಿರಾ ಡಾಕ್‌ನಲ್ಲಿ. 2018ರಲ್ಲಿ ಮುಂಬೈ-ಗೋವಾ ನಡುವೆ ಆರಂಭವಾದ 'ಅಂಗ್ರಿಯಾ' ಹಡಗು ಮಜಗಾಂವ್ ಭಾಗದ ಧಕ್ಕೆಯಿಂದ ಹೊರಡುತ್ತಿತ್ತು. ಆ ಸೇವೆ ನಿಂತಿದ್ದರೂ ಅಂದಿನ ದಾರಿಸೂಚನೆಗಳು ಇಂದಿಗೂ ಅಲ್ಲಲ್ಲಿ ಓಡಾಡುತ್ತಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಚಾಲಕನಿಗೆ 'ಬಲ್ಲಾರ್ಡ್ ಎಸ್ಟೇಟ್, ಕ್ರೂಸ್ ಟರ್ಮಿನಲ್' ಎಂದೇ ಹೇಳಿ. ಕ್ರೂಸ್ ಪ್ರಯಾಣಿಕರಿಗೆ ಹೆಚ್ಚು ಪರಿಚಿತವಾದದ್ದು 'ಗ್ರೀನ್ ಗೇಟ್'. ಆದರೂ ತಮ್ಮ ಟಿಕೆಟ್‌ನಲ್ಲಿ ಯಾವ ಗೇಟಿನ ಹೆಸರಿದೆಯೋ ಅದನ್ನೇ ನಂಬಬೇಕು.

ಹೊಸ ಟರ್ಮಿನಲ್ಲನ್ನು ಪ್ರಧಾನಿ ನರೇಂದ್ರ ಮೋದಿ 2025ರ ಸೆಪ್ಟೆಂಬರ್ 20ರಂದು ಉದ್ಘಾಟಿಸಿದರು. ತಪಾಸಣೆ ಹಾಗೂ ವಲಸೆ ವಿಭಾಗಕ್ಕೆಂದು ಇಲ್ಲಿ 72 ಕೌಂಟರ್‌ಗಳಿದ್ದು, ವರ್ಷಕ್ಕೆ 10 ಲಕ್ಷ ಪ್ರಯಾಣಿಕರನ್ನು ನಿಭಾಯಿಸುವ ಸಾಮರ್ಥ್ಯವಿದೆ. 2021ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ಸಂಚಾರ ಆರಂಭಿಸಿದ ಕಾರ್ಡೇಲಿಯಾ ಸಂಸ್ಥೆಯ 'ಎಂಪ್ರೆಸ್' ನೌಕೆ ಗೋವಾ, ಲಕ್ಷದ್ವೀಪ, ಕೊಚ್ಚಿ ಮುಂತಾದೆಡೆ ಕರೆದೊಯ್ಯುವುದು ಕನ್ನಡಿಗರಿಗೂ ಪರಿಚಿತ.

ವಿಮಾನದಲ್ಲಿ ಬರುವವರಿಗೆ ಇದೀಗ ಹೊಸತೊಂದು ತೊಡಕು ಸೇರಿಕೊಂಡಿದೆ. ಮುಂಬೈಗೆ ಈಗ ಎರಡು ವಿಮಾನ ನಿಲ್ದಾಣಗಳು. ಹಳೆಯದು ಅಂಧೇರಿ-ಸಾಂತಾಕ್ರೂಜ್ ನಡುವಿನ ಛತ್ರಪತಿ ಶಿವಾಜಿ ಮಹಾರಾಜ್ ನಿಲ್ದಾಣ (ಟಿಕೆಟ್‌ನಲ್ಲಿ 'ಬಿಓಎಂ'). ಇನ್ನೊಂದು 2025ರ ಡಿಸೆಂಬರ್ 25ರಿಂದ ಪ್ರಯಾಣಿಕ ಸಂಚಾರ ಆರಂಭಿಸಿದ ನವಿ ಮುಂಬೈ ನಿಲ್ದಾಣ ('ಎನ್‌ಎಂಐ'). ಮೊದಲನೆಯದರಿಂದ ಬಲ್ಲಾರ್ಡ್ ಎಸ್ಟೇಟ್ ಸುಮಾರು 25 ಕಿ.ಮೀ., ಎರಡನೆಯದರಿಂದ ಸುಮಾರು 40 ಕಿ.ಮೀ. ಅಗ್ಗದ ಟಿಕೆಟ್ ಕಂಡೊಡನೆ ಕೊಳ್ಳುವ ಮುನ್ನ ಈ ಮೂರಕ್ಷರದ ಸಂಕೇತವನ್ನು ಗಮನಿಸಬೇಕು. ನವಿ ಮುಂಬೈಯಿಂದ ಬರುವವರಿಗೆ ದಾರಿ ದೂರವಾದರೂ ಸರಳ: 2024ರ ಜನವರಿಯಲ್ಲಿ ತೆರೆದ 21.8 ಕಿ.ಮೀ. ಉದ್ದದ ಅಟಲ್ ಸೇತುವೆಯ ಮೂಲಕ ಶಿವಡಿಗೆ ಬಂದು, ಅಲ್ಲಿಂದ ಈಸ್ಟರ್ನ್ ಫ್ರೀವೇ ಹಿಡಿದರೆ ಬಂದರಿನ ಪಕ್ಕದ ಪಿ. ಡಿ'ಮೆಲ್ಲೊ ರಸ್ತೆಯಲ್ಲೇ ಇಳಿಯಬಹುದು. ಸೇತುವೆಯ ಸುಂಕ ಆರಂಭದಲ್ಲಿ ಕಾರಿಗೆ ಒಂದು ದಿಕ್ಕಿಗೆ 250 ರೂ. ಇತ್ತು, ಬಾಡಿಗೆಯ ಜೊತೆ ಅದೂ ಸೇರುತ್ತದೆ.

ಹಳೆಯ ನಿಲ್ದಾಣದಿಂದ ಬರುವವರಿಗೆ ಈಗ ಮೆಟ್ರೋ ಇದೆ. ಭೂಗತ ಮಾರ್ಗ 3, ಅಂದರೆ ಆಕ್ವಾ ಲೈನ್, 2025ರ ಅಕ್ಟೋಬರ್‌ನಲ್ಲಿ ಆರೆಯಿಂದ ಕಫ್ ಪರೇಡ್‌ವರೆಗೆ ಪೂರ್ಣಗೊಂಡಿತು. ವಿಮಾನ ನಿಲ್ದಾಣದ ಟಿ1 ಮತ್ತು ಟಿ2 ಎರಡಕ್ಕೂ ಪ್ರತ್ಯೇಕ ನಿಲ್ದಾಣಗಳಿವೆ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ (ಸಿಎಸ್‌ಎಂಟಿ) ನಿಲ್ದಾಣದಲ್ಲಿ ಇಳಿದರೆ ಬಲ್ಲಾರ್ಡ್ ಎಸ್ಟೇಟ್ ಒಂದೂವರೆ ಕಿ.ಮೀ. ಆಸುಪಾಸು. ಪೂರ್ಣ ಮಾರ್ಗ ತೆರೆದಾಗ ಅತಿ ಹೆಚ್ಚಿನ ದರವೇ 70 ರೂ. ಎಂದು ನಿಗದಿಯಾಗಿತ್ತು. ಒಂದೊಂದು ಸಣ್ಣ ಪೆಟ್ಟಿಗೆಯಿರುವ ದಂಪತಿಗೆ ಇದಕ್ಕಿಂತ ನಂಬಿಕಸ್ಥ ಮಾರ್ಗವಿಲ್ಲ, ಏಕೆಂದರೆ ರಸ್ತೆಯ ಸಂದಣಿ ಇದಕ್ಕೆ ತಟ್ಟದು. ಮೂರು ದೊಡ್ಡ ಪೆಟ್ಟಿಗೆ, ಮಂಡಿನೋವಿನ ಅಜ್ಜಿ, ನಿದ್ದೆಗಣ್ಣಿನ ಮಗು ಇರುವ ಕುಟುಂಬಕ್ಕೆ ಟ್ಯಾಕ್ಸಿಯೇ ಲೇಸು.

ಬೆಂಗಳೂರಿನವರು ಅರಿಯದೆ ಪೇಚಿಗೆ ಸಿಲುಕುವ ಸಂಗತಿಯೊಂದಿದೆ. ದಕ್ಷಿಣ ಮುಂಬೈಯಲ್ಲಿ ಆಟೋರಿಕ್ಷಾ ಸಂಚಾರಕ್ಕೆ ಅನುಮತಿಯಿಲ್ಲ. ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಯನ್‌ನಿಂದ ಆಚೆಗೆ ಆಟೋಗಳು ಬರುವುದಿಲ್ಲ. ಸಿಎಸ್‌ಎಂಟಿಯಿಂದ ಬಂದರಿಗೆ ಕಪ್ಪು-ಹಳದಿ ಟ್ಯಾಕ್ಸಿಯನ್ನೇ ಹಿಡಿಯಬೇಕು; ಕನಿಷ್ಠ ಬಾಡಿಗೆ 2025ರ ಫೆಬ್ರವರಿಯಲ್ಲಿ 31 ರೂ.ಗೆ ಏರಿತು. ಹತ್ತಿರದ ಬಾಡಿಗೆಗೆ ಚಾಲಕರು ಮುಖ ತಿರುಗಿಸುವುದೂ ಉಂಟು, ಸ್ವಲ್ಪ ಸಮಯ ಕೈಯಲ್ಲಿರಲಿ.

ರೈಲಿನಲ್ಲಿ ಬರುವವರು

ರೈಲು ನಿಧಾನವೆಂದು ಮೂಗು ಮುರಿಯುವವರು ಒಂದು ಅನುಕೂಲವನ್ನು ಮರೆಯುತ್ತಾರೆ. ಬೆಂಗಳೂರಿನಿಂದ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ ರಾಯಚೂರು, ಯಾದಗಿರಿ, ಕಲಬುರಗಿ, ಸೊಲ್ಲಾಪುರ, ಪುಣೆ ಮಾರ್ಗವಾಗಿ ಸಿಎಸ್‌ಎಂಟಿಯಲ್ಲೇ ಕೊನೆಗೊಳ್ಳುತ್ತದೆ. ಅಲ್ಲಿಂದ ಹಡಗು ಕೂಗಳತೆಯ ದೂರ. ರೈಲು ಮುಂಬೈ ತಲುಪುವುದು ಸಂಜೆ ಕಳೆದ ಮೇಲಾದ್ದರಿಂದ ಪ್ರಯಾಣಿಕ ಹಿಂದಿನ ದಿನವೇ ಬಂದು ತಂಗುವುದು ಅನಿವಾರ್ಯವಾಗುತ್ತದೆ, ಅದೇ ಒಳ್ಳೆಯದು. ಮಂಗಳೂರು ಜಂಕ್ಷನ್‌ನಿಂದ ಹೊರಡುವ ಸಿಎಸ್‌ಎಂಟಿ ಎಕ್ಸ್‌ಪ್ರೆಸ್ ಕೂಡ ಇದೇ ನಿಲ್ದಾಣಕ್ಕೆ ಬರುವಂಥದು. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹಿಡಿದವರು ಇಳಿಯುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಮೈಸೂರು, ಹುಬ್ಬಳ್ಳಿ ಕಡೆಯಿಂದ ದಾದರ್‌ಗೆ ಬರುವ ರೈಲುಗಳಿವೆ. ಅಲ್ಲಿಂದ ಮುಂದಕ್ಕೆ ಮತ್ತೊಂದು ಪ್ರಯಾಣ ಬಾಕಿಯಿರುತ್ತದೆ. ಕಾಮಗಾರಿಗಳ ಅವಧಿಯಲ್ಲಿ ಸಿಎಸ್‌ಎಂಟಿಯ ಕೆಲವು ರೈಲುಗಳನ್ನು ಹಿಂದಿನ ನಿಲ್ದಾಣಗಳಲ್ಲೇ ನಿಲ್ಲಿಸಿದ್ದುಂಟು. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ. ಹೊರಡುವ ವಾರದಲ್ಲಿ ಮತ್ತೊಮ್ಮೆ ವಿಚಾರಿಸುವುದು ಕ್ಷೇಮ.

ಬ್ರಿಟಿಷರ ಕಾಲದಲ್ಲಿ ಈ ತಾಪತ್ರಯವೇ ಇರಲಿಲ್ಲ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಇಂಗ್ಲೆಂಡಿನಿಂದ ಬಂದ ಹಡಗಿನ ಪ್ರಯಾಣಿಕರಿಗಾಗಿ ಧಕ್ಕೆಯ ಮೇಲೆಯೇ 'ಬಲ್ಲಾರ್ಡ್ ಪಿಯರ್ ಮೋಲ್' ಎಂಬ ರೈಲು ನಿಲ್ದಾಣವಿತ್ತು. ಹಡಗಿನಿಂದ ಇಳಿದವರು ನಾಲ್ಕು ಹೆಜ್ಜೆ ನಡೆದು ಪೆಶಾವರದ ಕಡೆಗೆ ಹೋಗುವ ರೈಲನ್ನೇ ಏರುತ್ತಿದ್ದರು. 1928ರಲ್ಲಿ ಆರಂಭವಾದ ಪ್ರಸಿದ್ಧ ಫ್ರಾಂಟಿಯರ್ ಮೇಲ್ ಸಹ ಹಡಗುಗಳ ಋತುವಿನಲ್ಲಿ ಇಲ್ಲಿಂದ ಹೊರಡುತ್ತಿತ್ತು. ಸಾವಿರಾರು ಮಂದಿಯನ್ನು ಒಮ್ಮೆಗೇ ಇಳಿಸುವ ಇಂದಿನ ಹಡಗುಗಳ ಕಾಲದಲ್ಲಿ ಅಂಥ ಏರ್ಪಾಡು ಇಲ್ಲದಿರುವುದು ಸೋಜಿಗವೇ ಸರಿ.

ಮುಂಬೈಯಲ್ಲಿ ನೆಂಟರಿರುವ ಕನ್ನಡಿಗರು ಬಹಳ. ಹಿಂದಿನ ರಾತ್ರಿ ಅವರ ಮನೆಯಲ್ಲಿ ಉಳಿದರೆ ವಸತಿ ವೆಚ್ಚ ಉಳಿಯುವುದು ನಿಜ. ಆದರೆ ನೆಂಟರ ಮನೆ ಮಾಟುಂಗಾದಲ್ಲಿದ್ದರೆ ಒಂದು ಮಾತು, ಡೊಂಬಿವಿಲಿಯಲ್ಲಿದ್ದರೆ ಇನ್ನೊಂದು. ಡೊಂಬಿವಿಲಿಯಿಂದ ಬಂದರು ಸುಮಾರು 50 ಕಿ.ಮೀ.; ಪೆಟ್ಟಿಗೆಗಳೊಂದಿಗೆ ಬೆಳಗಿನ ಲೋಕಲ್ ರೈಲು ಏರುವುದು ಹೊಸಬರಿಂದ ಆಗದ ಮಾತು. ಭಾನುವಾರವಾದರೆ ಹಳಿ ದುರಸ್ತಿಯ 'ಮೆಗಾ ಬ್ಲಾಕ್' ಇರುತ್ತದೆ. ಜನವರಿಯ ಭಾನುವಾರವೊಂದರಲ್ಲಿ ನಡೆಯುವ ಮುಂಬೈ ಮ್ಯಾರಥಾನ್ ಹೊರಡುವುದೇ ಸಿಎಸ್‌ಎಂಟಿಯ ಎದುರಿನಿಂದ. ಅಂದು ಆ ಭಾಗದ ರಸ್ತೆಗಳು ಬಹುಹೊತ್ತು ಮುಚ್ಚಿರುತ್ತವೆ. ಗಣೇಶ ವಿಸರ್ಜನೆಯ ದಿನವನ್ನಂತೂ ಹೇಳಬೇಕಾದ್ದೇ ಇಲ್ಲ.

ಗೇಟಿನ ಒಳಗೆ

ಬಂದರು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕಾವಲಿನಲ್ಲಿರುವ ಪ್ರದೇಶ. ಗೇಟಿನಲ್ಲೇ ಟಿಕೆಟ್ ಮತ್ತು ಗುರುತಿನ ಚೀಟಿ ತೋರಿಸಬೇಕು. ಬೀಳ್ಕೊಡಲು ಬಂದವರಿಗೆ ಸಾಮಾನ್ಯವಾಗಿ ಒಳಗೆ ಪ್ರವೇಶವಿಲ್ಲ. ಮಕ್ಕಳ ಗುರುತಿನ ದಾಖಲೆಯನ್ನು ಮರೆತು ಬರುವವರು ಹೆಚ್ಚು ಎಂಬುದನ್ನು ತಾಯಂದಿರು ನೆನಪಿಡಬೇಕು. ಹಡಗು ಶ್ರೀಲಂಕಾದಂಥ ಹೊರದೇಶದ ಬಂದರನ್ನು ಮುಟ್ಟುವುದಾದರೆ ಪಾಸ್‌ಪೋರ್ಟ್ ಬೇಕು, ಆಧಾರ್ ಸಾಲದು.

ಟರ್ಮಿನಲ್‌ನಲ್ಲಿ ದೊಡ್ಡ ಪೆಟ್ಟಿಗೆಗಳಿಗೆ ಕೋಣೆ ಸಂಖ್ಯೆಯ ಚೀಟಿ ಕಟ್ಟಿ ಸಿಬ್ಬಂದಿಗೆ ಒಪ್ಪಿಸಿದರೆ ಅವು ನೇರ ಕೋಣೆಗೆ ಬರುತ್ತವೆ. ಆದರೆ ಕೆಲವೊಮ್ಮೆ ರಾತ್ರಿ ಊಟದ ಹೊತ್ತಾಗುತ್ತದೆ. ಔಷಧಿ, ಹಣ, ದಾಖಲೆ, ಮಗುವಿನ ಹಾಲಿನ ಪುಡಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರತಕ್ಕದ್ದು. ಗಾಲಿಕುರ್ಚಿ ಬೇಕಾದವರು ಅಂದೇ ಕೇಳಿದರೆ ಸಿಗುವುದು ಕಷ್ಟ, ಟಿಕೆಟ್ ಕಾದಿರಿಸುವಾಗಲೇ ತಿಳಿಸಬೇಕು. ಬೆಳಗಾವಿ ಕಡೆಯಿಂದ ಸ್ವಂತ ಕಾರಿನಲ್ಲಿ ಹೋಗುವವರು, ನಾಲ್ಕು ದಿನ ಕಾರು ಎಲ್ಲಿ ಬಿಡಬಹುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಹೊರಡಬಾರದು.

ಇತರ ಬಂದರುಗಳು

ಗೋವಾದಲ್ಲಿ ಹಡಗು ನಿಲ್ಲುವುದು ವಾಸ್ಕೋ ಪಟ್ಟಣದ ಮೊರ್ಮುಗಾವ್ ಬಂದರಿನಲ್ಲಿ. ಹುಬ್ಬಳ್ಳಿ-ಧಾರವಾಡದವರಿಗೆ ವಾಸ್ಕೋವರೆಗೂ ನೇರ ರೈಲಿರುವುದರಿಂದ ಇದು ಅತಿ ಸುಲಭದ ದಾರಿ. ಇಲ್ಲಿಯೂ ಎರಡು ವಿಮಾನ ನಿಲ್ದಾಣಗಳ ಗೊಂದಲವಿದೆ: ದಾಬೋಲಿಂ ('ಜಿಓಐ') ಬಂದರಿನ ಮಗ್ಗುಲಲ್ಲೇ ಇದೆ, 2023ರ ಜನವರಿಯಲ್ಲಿ ಸಂಚಾರ ಆರಂಭಿಸಿದ ಮೋಪಾ ('ಜಿಓಎಕ್ಸ್') ರಾಜ್ಯದ ಉತ್ತರ ತುದಿಯಲ್ಲಿದೆ. ಮೋಪಾದಲ್ಲಿ ಇಳಿದವರು ಬಹುದೂರ ಸಾಗಿ ಬರಬೇಕು.

ಚೆನ್ನೈ ಬೆಂಗಳೂರಿಗೆ ಅತಿ ಸಮೀಪದ ದೊಡ್ಡ ಬಂದರು. ಸೆಂಟ್ರಲ್ ನಿಲ್ದಾಣದಿಂದ ಬಂದರು ನಾಲ್ಕಾರು ಕಿ.ಮೀ. ಮಾತ್ರ. ಆದರೆ ರಾಜಾಜಿ ಸಾಲೈ ಮತ್ತು ಸುತ್ತಲಿನ ರಸ್ತೆಗಳ ಲಾರಿ ಸಂದಣಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೈಸೂರು-ಚೆನ್ನೈ ನಡುವಿನ ಬೆಳಗಿನ ವಂದೇ ಭಾರತ್‌ನಲ್ಲಿ ಹೊರಟರೆ ಮಧ್ಯಾಹ್ನದ ಹೊತ್ತಿಗೆ ತಲುಪಬಹುದು. ಸಂಜೆ ತಡವಾಗಿ ಹೊರಡುವ ಹಡಗಿಗಾದರೆ ಅದೇ ದಿನ ಹೋಗುವುದನ್ನು ಯೋಚಿಸಬಹುದಾದ ಏಕೈಕ ಬಂದರು ಇದು.

ಕೊಚ್ಚಿಯ ವಿಮಾನ ನಿಲ್ದಾಣ ನೆಡುಂಬಾಶ್ಶೇರಿಯಲ್ಲಿದ್ದು ವಿಲಿಂಗ್ಡನ್ ದ್ವೀಪದ ಬಂದರಿನಿಂದ ಬಲು ದೂರ. ಎರ್ನಾಕುಳಂ ಜಂಕ್ಷನ್ ಅದಕ್ಕಿಂತ ಬಹಳ ಹತ್ತಿರ. ಮುಂಬೈಯಲ್ಲಿ ಏರಿ ಕೊಚ್ಚಿಯಲ್ಲಿ ಇಳಿಯುವ ಏಕಮುಖ ಪ್ರವಾಸದವರಿಗೆ, 2025ರ ನವೆಂಬರ್‌ನಲ್ಲಿ ಚಾಲನೆ ಪಡೆದ ಎರ್ನಾಕುಳಂ-ಬೆಂಗಳೂರು ವಂದೇ ಭಾರತ್ ಮರಳಲು ಅನುಕೂಲ.

ಸಿಂಗಪುರಕ್ಕೆ ಹೋಗುವವರು ಟರ್ಮಿನಲ್‌ನ ಹೆಸರನ್ನು ಎರಡು ಬಾರಿ ಓದಬೇಕು. ಮರೀನಾ ಬೇ ಕ್ರೂಸ್ ಸೆಂಟರ್ ಒಂದು, ಹಾರ್ಬರ್‌ಫ್ರಂಟ್‌ನ ಸಿಂಗಪುರ ಕ್ರೂಸ್ ಸೆಂಟರ್ ಇನ್ನೊಂದು. ಮೊದಲನೆಯದಕ್ಕೆ ಮೆಟ್ರೋದಲ್ಲಿ ಮರೀನಾ ಸೌತ್ ಪಿಯರ್ ನಿಲ್ದಾಣ, ಎರಡನೆಯದಕ್ಕೆ ಹಾರ್ಬರ್‌ಫ್ರಂಟ್ ನಿಲ್ದಾಣ. ಹಡಗು ಮಲೇಷ್ಯಾ, ಥಾಯ್ಲೆಂಡ್ ಸುತ್ತಿ ಮರಳಿದಾಗ ಸಿಂಗಪುರಕ್ಕೆ ಮತ್ತೊಮ್ಮೆ ಪ್ರವೇಶಿಸಿದಂತಾಗುವುದರಿಂದ ಬಹುಪ್ರವೇಶದ ವೀಸಾ ಬೇಕು. ಆಗಮನ ಪತ್ರವನ್ನೂ ಎರಡನೆಯ ಸಲ ತುಂಬಬೇಕು.

ಮರಳುವ ದಿನ

ಹಡಗು ಬೆಳಗ್ಗೆ 7ಕ್ಕೆ ಧಕ್ಕೆಗೆ ಬರುತ್ತದೆ ಎಂದರೆ 7ಕ್ಕೆ ಇಳಿಯಬಹುದು ಎಂದರ್ಥವಲ್ಲ. ಅಧಿಕಾರಿಗಳ ಅನುಮತಿ ದೊರೆತ ಮೇಲೆ ಪ್ರಯಾಣಿಕರನ್ನು ಗುಂಪು ಗುಂಪಾಗಿ ಇಳಿಸುತ್ತಾರೆ. ಕೊನೆಯ ಗುಂಪಿನ ಸರದಿ ಬರುವಾಗ 10 ಗಂಟೆಯೂ ಆಗಬಹುದು. ಹಿಂದಿನ ರಾತ್ರಿ ಪೆಟ್ಟಿಗೆಯನ್ನು ಕೋಣೆಯ ಹೊರಗಿಟ್ಟವರು ಟರ್ಮಿನಲ್‌ನಲ್ಲಿ ಅದನ್ನು ಹುಡುಕಿ ಪಡೆಯಬೇಕು. ತಮ್ಮ ಸಾಮಾನನ್ನು ತಾವೇ ಹೊತ್ತು ಇಳಿಯಲು ಒಪ್ಪಿದವರಿಗೆ ಅನೇಕ ಹಡಗುಗಳಲ್ಲಿ ಮೊದಲ ಅವಕಾಶವುಂಟು. ಗಾಳಿ, ಮಂಜು, ಧಕ್ಕೆಯ ಅಲಭ್ಯತೆಯಿಂದ ಹಡಗು ತಡವಾಗಿ ಬರುವುದೂ ಇದೆ. ಅದರಿಂದ ತಪ್ಪಿದ ವಿಮಾನಕ್ಕೆ ಹಡಗಿನವರು ಹೊಣೆ ಹೊರುವುದಿಲ್ಲ. ಬೆಳಗ್ಗೆ 7ರ ಹಡಗಿಗೆ ಅಪರಾಹ್ನ 2ಕ್ಕೆ ಮುಂಚಿನ ವಿಮಾನವನ್ನು ಕಾದಿರಿಸದಿರುವುದೇ ವಿವೇಕ. ಎಲ್ಲರೂ ಏಕಕಾಲಕ್ಕೆ ಹೊರಬರುವುದರಿಂದ ಗೇಟಿನ ಬಳಿ ಮೊಬೈಲ್ ಟ್ಯಾಕ್ಸಿಗಳ ಬಾಡಿಗೆ ಏರಿರುತ್ತದೆ. ಮುಂಬೈಯಲ್ಲಾದರೆ ಕೋಟೆ ಪ್ರದೇಶದ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಇಡ್ಲಿ-ಕಾಫಿ ಮುಗಿಸಿ ಒಂದು ಗಂಟೆ ತಡೆದು ಹೊರಟರೆ ಅದು ಇಳಿದಿರುತ್ತದೆ.